ಏರಿಯೋ ಕೆರೆಯೋ: ಚೆನ್ನೈನ ನಕ್ಷೆಗಾರರ ಕೂಟ

ಚೆನ್ನೈ ನಗರದಲ್ಲಿ ನೆಲೆಸಿದ ಹೊಸದರಲ್ಲಿ, ಈಶಾನ್ಯ ಮಾರುತದ ಮಳೆ ಹಿಡಿದಿದ್ದ ಒಂದು ಸಂಜೆ, ಮೊಣಕಾಲುದ್ದ ನೀರು ನಿಂತ ನಮ್ಮ ಬೀದಿಯನ್ನು ನೋಡುತ್ತ ನೆರೆಮನೆಯ ಹಿರಿಯರು ‘ಏರಿಯೊಳಗೆ ಮನೆ ಕಟ್ಟಿಕೊಂಡವರಿಗೆ ಬೇರೇನು ಗತಿ?’ ಎಂದು ತಮಿಳಿನಲ್ಲಿ ಹೇಳಿದಾಗ, ಮೈಸೂರು ಸೀಮೆಯಲ್ಲಿ ಬೆಳೆದ ನನಗೆ ಆ ಮಾತು ಒಗಟಿನಂತೆ ಕೇಳಿಸಿತು. ಏರಿಯೆಂದರೆ ಎತ್ತರದ ಮಣ್ಣಿನ ಕಟ್ಟೆಯಲ್ಲವೆ, ಎಲ್ಲ ಕಡೆಯೂ ನೀರು ತುಂಬಿದಾಗ ಊರಿನ ದನಕರುಗಳು ಹತ್ತಿ ನಿಲ್ಲುವ ಸ್ಥಳವಲ್ಲವೆ, ಅಲ್ಲಿ ಮನೆ ಕಟ್ಟಿದವನು ಮುಳುಗುವುದು ಹೇಗೆ ಎಂದು ಒಂದು ಕ್ಷಣ ತಬ್ಬಿಬ್ಬಾದೆ. ತಮಿಳಿನಲ್ಲಿ ಏರಿಯೆಂದರೆ ನಮ್ಮ ಕೆರೆಯೆಂಬುದು ತಿಳಿದದ್ದು ಆಮೇಲೆ. ಒಂದೇ ಕುಲದ ಒಂದೇ ಶಬ್ದವನ್ನು ಅವರು ನೀರಿಗೆ ಇಟ್ಟರು, ನಾವು ಆ ನೀರನ್ನು ತಡೆದು ನಿಲ್ಲಿಸುವ ಮಣ್ಣಿಗೆ ಇಟ್ಟೆವು.

ಅಂದು ಈ ಪದವೈಪರೀತ್ಯ ನಗೆಗೆ ಮಾತ್ರ ವಸ್ತುವಾಗಿತ್ತು. ಕಾಡು, ಕೆರೆ, ಜೌಗು, ಕಡಲತೀರಗಳ ರಕ್ಷಣೆಗೆಂದು ಭೂಪಟ ರಚಿಸುವವರ ಕೆಲಸವನ್ನು ಹತ್ತಿರದಿಂದ ನೋಡಿದ ಮೇಲೆ, ಅವರ ತೊಂದರೆಗಳಲ್ಲಿ ಅರ್ಧದಷ್ಟು ಇಂಥ ಶಬ್ದಗಳ ಸುತ್ತಲೇ ಹುಟ್ಟುತ್ತವೆ ಎಂಬುದು ಅರಿವಾಯಿತು. ಒಂದೇ ನೆಲವನ್ನು ಕಂದಾಯದವರು ಒಂದು ಹೆಸರಿನಿಂದಲೂ, ಅರಣ್ಯದವರು ಇನ್ನೊಂದರಿಂದಲೂ, ಮೀನುಗಾರರು ಮತ್ತೊಂದರಿಂದಲೂ ಕರೆಯುತ್ತಾರೆ. ಈ ಮೂವರನ್ನೂ ಒಂದೇ ಮೇಜಿನ ಸುತ್ತ ಕೂರಿಸದೆ ಬರೆದ ನಕ್ಷೆ ಎಷ್ಟೇ ಅಂದವಾಗಿರಲಿ, ಅದು ಒಬ್ಬನ ಅಭಿಪ್ರಾಯವಾಗಿ ಉಳಿಯುವುದೇ ಹೊರತು ಊರಿನ ನಕ್ಷೆಯಾಗುವುದಿಲ್ಲ. ಸಂರಕ್ಷಣೆಯ ನಕ್ಷೆಗಾರರು ಆಗಾಗ ಸಣ್ಣ ಕೂಟಗಳಲ್ಲಿ ಸೇರುವ ಪದ್ಧತಿ ಲೋಕದಾದ್ಯಂತ ಬೆಳೆದಿರುವುದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ಎಣಿಕೆ. ಉದ್ಯೋಗಾವಕಾಶ, ಪರಿಚಯವೃದ್ಧಿ ಮುಂತಾದವು ಇವೆ, ಆದರೆ ಅವು ಕಾಫಿಯ ಜೊತೆಗಿನ ತಿಂಡಿ.

ಈ ವಿದ್ಯೆಯ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಬೇಕಾದರೆ, ಗ್ರಾಮನಕಾಶೆಯ ಮೇಲೆ ಎಣ್ಣೆಕಾಗದದ ಹಾಳೆಗಳನ್ನು ಒಂದರ ಮೇಲೊಂದರಂತೆ ಹಾಸಿದುದನ್ನು ಕಲ್ಪಿಸಿಕೊಳ್ಳಿ: ಒಂದು ಹಾಳೆಯಲ್ಲಿ ನೀರಿನ ಹರಿವು, ಇನ್ನೊಂದರಲ್ಲಿ ಮರಗಿಡ, ಮತ್ತೊಂದರಲ್ಲಿ ರಸ್ತೆ, ಮಗುದೊಂದರಲ್ಲಿ ಹಕ್ಕಿಗಳು ಗೂಡುಕಟ್ಟುವ ಎಡೆ. ಕಂಪ್ಯೂಟರಿನೊಳಗೆ ಈ ಹಾಳೆಗಳನ್ನು ಪದರಗಳೆಂದು ಕರೆಯುತ್ತಾರೆ. ಇವನ್ನು ಹೊಂದಿಸಿ ನೋಡುವ ಒಟ್ಟು ವ್ಯವಸ್ಥೆಗೆ ಭೌಗೋಳಿಕ ಮಾಹಿತಿ ವ್ಯವಸ್ಥೆಯೆಂದು ಹೆಸರು, ಬಳಕೆಯಲ್ಲಿ ಜಿಐಎಸ್. ಇದನ್ನು ಸಂರಕ್ಷಣೆಗೆ ಬಳಸುವವರು 1997ರಲ್ಲಿ ಅಮೆರಿಕದಲ್ಲಿ ಸೊಸೈಟಿ ಫಾರ್ ಕನ್ಸರ್ವೇಷನ್ ಜಿಐಎಸ್ ಎಂಬ ಸಂಘವನ್ನು ಕಟ್ಟಿಕೊಂಡರು. 1999ರಿಂದೀಚೆಗೆ ನವೆಂಬರ್ ತಿಂಗಳಲ್ಲಿ ಜಿಐಎಸ್ ದಿನವೆಂಬ ಆಚರಣೆಯೂ ನಡೆಯುತ್ತಿದ್ದು, ಕಾಲೇಜುಗಳೂ ಕಚೇರಿಗಳೂ ಅಂದು ತಮ್ಮ ನಕ್ಷೆಗಳನ್ನು ಸಾರ್ವಜನಿಕರ ಮುಂದಿಡುತ್ತವೆ. ಒಂದು ಕಾಲಕ್ಕೆ ದುಬಾರಿ ಯಂತ್ರಗಳನ್ನೂ ತಂತ್ರಾಂಶಗಳನ್ನೂ ಕೊಳ್ಳಬಲ್ಲ ದೊಡ್ಡ ಸಂಸ್ಥೆಗಳಿಗೆ ಮಾತ್ರ ಎಟುಕುತ್ತಿದ್ದ ಈ ಕಸುಬು, 2002ರಲ್ಲಿ ಆರಂಭವಾದ ಕ್ಯೂಜಿಐಎಸ್‌ನಂಥ ಉಚಿತ ತಂತ್ರಾಂಶಗಳಿಂದಲೂ, 2008ರಲ್ಲಿ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಭಂಡಾರವು ಎಲ್ಲರಿಗೂ ಪುಕ್ಕಟೆಯಾಗಿ ದೊರೆತುದರಿಂದಲೂ, ಈಗ ಹಳೆಯ ಲ್ಯಾಪ್‌ಟಾಪ್ ಉಳ್ಳ ವಿದ್ಯಾರ್ಥಿಯ ಕೈಗೂ ಬಂದಿದೆ. ಕೈಗೆ ಬಂದಷ್ಟು ಸುಲಭವಾಗಿ ತಲೆಗೆ ಬರುವುದಿಲ್ಲವೆಂಬುದು ಬೇರೆ ಮಾತು; ಅದಕ್ಕೆ ಗುರುಗಳು ಬೇಕು, ಗುರುಗಳು ಸಿಗುವುದು ಕೂಟಗಳಲ್ಲಿ.

ಇಂಥ ಕೂಟಕ್ಕೆ ಚೆನ್ನೈಗಿಂತ ಪ್ರಶಸ್ತವಾದ ನಗರವನ್ನು ಭಾರತದಲ್ಲಿ ಹುಡುಕುವುದು ಕಷ್ಟ. 1794ರಲ್ಲಿ ಮೈಕೇಲ್ ಟಾಪಿಂಗ್ ಎಂಬವರ ಯತ್ನದಿಂದ ಸೇಂಟ್ ಜಾರ್ಜ್ ಕೋಟೆಯಲ್ಲಿ ಎಂಟು ಹುಡುಗರನ್ನು ಇಟ್ಟುಕೊಂಡು ಆರಂಭವಾದ ಮೋಜಣಿ ಶಾಲೆಯೇ ಇಂದಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನ ಮೂಲ. ಅಣ್ಣಾ ವಿಶ್ವವಿದ್ಯಾನಿಲಯದ ಆ ಆವರಣದಲ್ಲಿಯೇ ಈಗ ದೂರಸಂವೇದನೆಯ ಅಧ್ಯಯನ ಸಂಸ್ಥೆಯೂ, ದೇಶದ ಕರಾವಳಿಯ ನಕ್ಷೆಗಳನ್ನು ಸಿದ್ಧಪಡಿಸುವ ರಾಷ್ಟ್ರೀಯ ಸುಸ್ಥಿರ ಕರಾವಳಿ ನಿರ್ವಹಣಾ ಕೇಂದ್ರವೂ ಇವೆ. 1926ರಲ್ಲಿ ಇದೇ ನಗರದಲ್ಲಿ, ಭೂಗೋಳದ ಉಪಾಧ್ಯಾಯರೂ ಆಸಕ್ತರೂ ಸೇರಿ ಮದ್ರಾಸ್ ಜಿಯಾಗ್ರಫಿಕಲ್ ಅಸೋಸಿಯೇಷನ್ ಎಂಬ ಸಂಘವನ್ನು ಸ್ಥಾಪಿಸಿ, ಅಂದಿನಿಂದಲೇ ಪತ್ರಿಕೆಯೊಂದನ್ನೂ ಹೊರಡಿಸಿದರು. ಮುಂದೆ ಇಂಡಿಯನ್ ಜಿಯಾಗ್ರಫಿಕಲ್ ಸೊಸೈಟಿಯಾದದ್ದು ಅದೇ. ನಕ್ಷೆಯ ಮಂದಿ ಒಂದೆಡೆ ಕುಳಿತು ಮಾತನಾಡುವ ರೂಢಿಗೆ ಈ ಊರಿನಲ್ಲಿ ನೂರು ವರ್ಷದ ವಯಸ್ಸಾಯಿತೆಂದು ಹೇಳಿದರೆ ಉತ್ಪ್ರೇಕ್ಷೆಯಾಗದು.

ಅದಕ್ಕೂ ಮುನ್ನಿನ ಕಥೆ ಇನ್ನೂ ಸ್ವಾರಸ್ಯಕರ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ, ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿಗೆ, ಪೂರ್ವದ ಕಡಲಿನಿಂದ ಮೈಸೂರು ರಾಜ್ಯದ ಮೂಲಕ ಪಶ್ಚಿಮದ ಕಡಲಿನವರೆಗೆ ತ್ರಿಕೋನಗಳ ಬಲೆಯನ್ನು ಹೆಣೆದು ಭೂಮಿಯನ್ನು ಅಳೆಯಬೇಕೆಂಬ ಹಂಬಲ ಹುಟ್ಟಿತು. 1802ರ ಏಪ್ರಿಲ್ 10ರಂದು ಸಂತ ಥಾಮಸ್ ಬೆಟ್ಟದ ಬುಡದಿಂದ ಆರಂಭಿಸಿ, ದಕ್ಷಿಣಕ್ಕೆ ಪೆರುಂಬಾಕ್ಕಂ ಗುಡ್ಡದ ಕಡೆಗೆ ಏಳೂವರೆ ಮೈಲಿಯ ಆಧಾರರೇಖೆಯನ್ನು, ನೂರಡಿಯ ಉಕ್ಕಿನ ಸರಪಳಿಯನ್ನು ಸುಮಾರು ನಾನೂರು ಸಲ ಎತ್ತಿ ಇಳಿಸಿ, 57 ದಿನಗಳಲ್ಲಿ ಅಳೆದು ಮುಗಿಸಿದರು. ಆ ಸರಪಳಿ ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ ಅಲ್ಲಿ ಬೇಡವೆನಿಸಿಕೊಂಡು ಹಿಂದಿರುಗಿದ ಸಾಮಾನು. ಕೋನಗಳನ್ನು ಅಳೆಯಲು ಇಂಗ್ಲೆಂಡಿನಿಂದ ಬರುತ್ತಿದ್ದ ಅರ್ಧ ಟನ್ ತೂಕದ ಥಿಯೊಡೊಲೈಟ್ ಯಂತ್ರವೋ ದಾರಿಯಲ್ಲಿ ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್ಸಿಗೆ ಹೋಗಿ, ಅಲ್ಲಿನ ಗವರ್ನರನ ಸೌಜನ್ಯದಿಂದ ಬಿಡುಗಡೆ ಹೊಂದಿ ಮದ್ರಾಸನ್ನು ತಲುಪಿತು. ಮುಂದೆ ಬೆಂಗಳೂರನ್ನು ಹಾದು ಮಂಗಳೂರಿನ ಕಡಲನ್ನು ಮುಟ್ಟಿದಾಗ, ಸುಮಾರು 400 ಮೈಲಿ ಅಗಲವೆಂದು ನಂಬಿದ್ದ ಪರ್ಯಾಯದ್ವೀಪ 360 ಮೈಲಿಯಷ್ಟೇ ಎಂದು ತಿಳಿದುಬಂದಿತು. ನಲವತ್ತು ಮೈಲಿ ನೆಲ ಕಾಗದದ ಮೇಲೆ ಹೀಗೆ ಮಾಯವಾದದ್ದರಿಂದ ಯಾರಿಗೂ ನಷ್ಟವಾಗಲಿಲ್ಲ. ನಮ್ಮ ಕಾಲದಲ್ಲಿ ನಕ್ಷೆಯಿಂದ ಒಂದೆಕರೆ ಮಾಯವಾದರೂ ಮಾತು ಅಷ್ಟು ಹಗುರವಾಗುವುದಿಲ್ಲವೆಂಬುದನ್ನು ಮುಂದೆ ನೋಡುವೆವು.

ಅದೇ ವರ್ಷಗಳಲ್ಲಿ ಮೈಸೂರು ಸೀಮೆಯ ಮೋಜಣಿಗೆ ನಿಯುಕ್ತನಾಗಿದ್ದ ಕಾಲಿನ್ ಮೆಕೆಂಜಿಯ ರೀತಿಯೇ ಬೇರೆ. ಗಡಿ, ಗುಡ್ಡ, ಹೊಳೆಗಳ ಜೊತೆಗೆ ಆಯಾ ಊರಿನ ಕಥೆ, ಶಾಸನ, ವಂಶಾವಳಿಗಳನ್ನೂ ಸಂಗ್ರಹಿಸಬೇಕೆಂಬ ಹಟದಿಂದ ಆತ ಕಾವಲಿ ಸೋದರರಂಥ ದೇಶೀಯ ಪಂಡಿತರನ್ನು ಜೊತೆಗಿರಿಸಿಕೊಂಡ. 1804ರಲ್ಲಿ ಆತನ ತಂಡ ಚಾಮರಾಜನಗರದ ಬಳಿಯ ಕನಕಗಿರಿ ಮಲೆಯೂರಿಗೆ ಬಂದಾಗ ಅಲ್ಲಿನ ಜೈನಕವಿ ದೇವಚಂದ್ರ ಅವರಿಗೆ ನೆರವಾದುದೂ, ಆ ಸಂಪರ್ಕದ ಬೀಜವೇ ಮುಂದೆ ‘ರಾಜಾವಳೀ ಕಥೆ’ಯಾಗಿ ಬೆಳೆದುದೂ ಕನ್ನಡ ಸಾಹಿತ್ಯಚರಿತ್ರೆಯನ್ನು ಓದಿದವರಿಗೆ ತಿಳಿದ ವಿಷಯ. ಆ ಸಂಗ್ರಹದ ಎಷ್ಟೋ ಕನ್ನಡ ಕೈಫಿಯತ್ತುಗಳು ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿ ಉಳಿದುಬಂದವು. ಲ್ಯಾಂಬ್ಟನ್ನನ ಸರಪಳಿ, ಮೆಕೆಂಜಿಯ ಕಿವಿ, ಇವೆರಡೂ ಬೇಕೆಂಬುದನ್ನು ಈ ಕಸುಬು ಇನ್ನೂರು ವರ್ಷಗಳಿಂದ ಮತ್ತೆ ಮತ್ತೆ ಮರೆತು ಮತ್ತೆ ಮತ್ತೆ ಕಲಿಯುತ್ತ ಬಂದಿದೆ.

ಲ್ಯಾಂಬ್ಟನ್ನನ ರೇಖೆ ಸಾಗಿದ ಪೆರುಂಬಾಕ್ಕಂ ಇರುವುದು ಪಳ್ಳಿಕರಣೈ ಜೌಗುನೆಲದ ಮಗ್ಗುಲಿನಲ್ಲಿ. ಭಾರತವನ್ನು ಅಳೆಯುವ ಮಹಾಕಾರ್ಯಕ್ಕೆ ಅಡಿಗಲ್ಲಾದ ಬಯಲಿನ ಅಂಚಿನಲ್ಲಿಯೇ, ತನ್ನ ಗಡಿ ಯಾವುದೆಂದು ಇನ್ನೂ ಪೂರ್ತಿ ಇತ್ಯರ್ಥವಾಗದ ನೆಲವೊಂದು ಬಿದ್ದುಕೊಂಡಿರುವುದು ವಿಧಿಯ ವಿನೋದ. ಒಂದು ಕಾಲಕ್ಕೆ ಸುಮಾರು 50 ಚದರ ಕಿಲೋಮೀಟರ್ ಹರಡಿದ್ದ ಈ ಜೌಗು, ದಕ್ಷಿಣ ಚೆನ್ನೈನ ಹತ್ತಾರು ಏರಿಗಳಿಂದ, ಅಂದರೆ ನಮ್ಮ ಭಾಷೆಯ ಕೆರೆಗಳಿಂದ, ಕೋಡಿಬಿದ್ದು ಹರಿದ ನೀರನ್ನೆಲ್ಲ ತನ್ನೊಡಲಿಗೆ ತೆಗೆದುಕೊಂಡು, ಒಕ್ಕಿಯಂ ಮಡುವು ಎಂಬ ಕಿಂಡಿಯ ಮೂಲಕ ಬಕಿಂಗ್‌ಹ್ಯಾಮ್ ಕಾಲುವೆಗೆ ಬಿಟ್ಟು, ಅಲ್ಲಿಂದ ಕೋವಳಂ ಅಳಿವೆಯಲ್ಲಿ ಸಮುದ್ರಕ್ಕೆ ಸೇರಿಸುತ್ತದೆ. ಮಡುವು ಎಂಬ ಮಾತು ಕನ್ನಡಿಗನ ಕಿವಿಗೆ ಪರಕೀಯವಲ್ಲ. ಸ್ಥಳೀಯರು ಈ ನೆಲವನ್ನು ಕಳುವೇಲಿ ಎಂದು ಕರೆಯುತ್ತಿದ್ದರು. ಕಂದಾಯದವರು ಅದನ್ನು ಉಪಯೋಗಕ್ಕೆ ಬಾರದ ಬಂಜರೆಂದು ಬರೆದಿಟ್ಟರು. ನಮ್ಮಲ್ಲಿ ಖರಾಬು, ದಕ್ಷಿಣ ಕನ್ನಡದಲ್ಲಿ ಪರಂಬೋಕು ಎಂದು ಬರೆದ ಜಮೀನುಗಳಿಗೆ ಬಂದ ಪಾಡೇ ಇದಕ್ಕೂ ಬಂದಿತು. ಬಂಜರೆಂದು ಬರೆದ ಮೇಲೆ ಕಸ ಸುರಿಯಲು ಯಾರ ಅಡ್ಡಿ? ಪೆರುಂಗುಡಿಯ ಕಸದ ಗುಡ್ಡ ಎದ್ದದ್ದು ಅಲ್ಲಿಯೇ. ರಸ್ತೆ, ಕಚೇರಿ, ಸಾಫ್ಟ್‌ವೇರ್ ಸೌಧಗಳು ಹಿಂದೆಯೇ ಬಂದವು.

ಈ ಜೌಗಿನಲ್ಲಿ ಯಾವ ಹಕ್ಕಿ, ಯಾವ ಮೀನು, ಯಾವ ಹುಲ್ಲು ಇದೆ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ವರ್ಷಗಟ್ಟಲೆ ನಡೆದು ದಾಖಲಿಸಿದವರಲ್ಲಿ ಕೇರ್ ಅರ್ತ್ ಟ್ರಸ್ಟ್ ಎಂಬ ಚೆನ್ನೈನ ಸಂಸ್ಥೆ ಪ್ರಮುಖವಾದುದು. ಅದರ ಸ್ಥಾಪಕರಲ್ಲೊಬ್ಬರಾದ ಜಯಶ್ರೀ ವೆಂಕಟೇಶನ್ ಅವರಿಗೆ 2025ರಲ್ಲಿ ಜೌಗುನೆಲದ ವಿವೇಕಯುತ ಬಳಕೆಗಾಗಿ ಕೊಡುವ ರಾಮ್ಸಾರ್ ಪ್ರಶಸ್ತಿ ಸಂದಿತು. 2007ರಲ್ಲಿ 317 ಹೆಕ್ಟೇರನ್ನು ಮೀಸಲು ಅರಣ್ಯವೆಂದು ಘೋಷಿಸಿದರು, 2022ರಲ್ಲಿ 1,247.54 ಹೆಕ್ಟೇರು ರಾಮ್ಸಾರ್ ತಾಣವಾಗಿ ಅಂತರರಾಷ್ಟ್ರೀಯ ಮಾನ್ಯತೆ ಪಡೆಯಿತು. ಒಂದೇ ಜೌಗಿಗೆ ಈ ಎರಡು ಅಂಕಿಗಳೇಕೆ ಎಂದು ಓದುಗರು ಕೇಳಿದರೆ, ವಿವಾದದ ಗರ್ಭ ಅಲ್ಲಿಯೇ ಇದೆ. ನವೆಂಬರಿನಲ್ಲಿ ಕಡಲಿನಂತೆ ಹರಡಿ, ಮೇ ತಿಂಗಳಲ್ಲಿ ಬಿರುಕುಬಿಟ್ಟು ಒಣಗುವ ನೀರಿಗೆ ಗಡಿಗೆರೆ ಎಳೆಯುವುದು ಹೇಗೆ? ಯಾವ ತಿಂಗಳ ಉಪಗ್ರಹಚಿತ್ರವನ್ನು ಪ್ರಮಾಣವೆಂದು ಹಿಡಿಯಬೇಕು? ಸರ್ವೆ ನಂಬರುಗಳಿಗೆ ಆ ಗೆರೆಯನ್ನು ಹೊಂದಿಸುವ ಕೆಲಸ ಬಾಕಿ ಉಳಿದಿದ್ದಾಗ, 2025ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠವು, ವೈಜ್ಞಾನಿಕ ಅಧ್ಯಯನ ಮುಗಿಯುವವರೆಗೆ ತಾಣದೊಳಗೂ ಅದರ ಸುತ್ತಣ ಒಂದು ಕಿಲೋಮೀಟರಿನೊಳಗೂ ಹೊಸ ನಿರ್ಮಾಣಗಳಿಗೆ ಅನುಮತಿ ಕೊಡಕೂಡದೆಂದು ವಿಧಿಸಿತು. ಗೆರೆಯ ಒಳಗಿರುವವನಿಗೆ ಮನೆ ಕಟ್ಟುವಂತಿಲ್ಲ, ಹೊರಗಿರುವವನಿಗೆ ಮಳೆಗಾಲದಲ್ಲಿ ಮುಳುಗುವ ಭಯ, ನಡುವೆ ನಕ್ಷೆಗಾರ. ಅವನ ಮೇಲೆ ಬೀಳುವ ಭಾರವನ್ನು ಒಬ್ಬನೇ ಹೊರುವುದಕ್ಕಿಂತ, ಜಲವಿಜ್ಞಾನಿ, ಕಂದಾಯದ ಸರ್ವೇಯರ್, ಹಕ್ಕಿ ನೋಡುವವನು, ಅಲ್ಲಿ ದನ ಮೇಯಿಸಿದ ಮುದುಕ ಇವರೆಲ್ಲರೂ ಕೂಡಿ ಹೊರುವುದು ನ್ಯಾಯ.

ಕೂಟಕ್ಕೆ ಬರುವವರೆಲ್ಲ ಪದವೀಧರರಾಗಿರಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಚೆನ್ನೈನ ಕಡಲತೀರ ಒಳ್ಳೆಯ ಸಾಕ್ಷಿ. 1970ರ ದಶಕದ ಆದಿಯಲ್ಲಿ ಮದ್ರಾಸಿನ ಹಾವಿನ ಉದ್ಯಾನದ ಉತ್ಸಾಹಿಗಳು ಇರುಳಿನಲ್ಲಿ ತೀರದುದ್ದಕ್ಕೂ ನಡೆದು ಕಡಲಾಮೆಗಳ ಗೂಡುಗಳನ್ನು ಹುಡುಕತೊಡಗಿದರು. ಅವರ ಪೈಕಿ, ಐಐಟಿಯ ಓದನ್ನು ಬಿಟ್ಟು ಕಡಲಾಮೆಯ ಬೆನ್ನುಹತ್ತಿದ ಸತೀಶ್ ಭಾಸ್ಕರ್ ಎಂಬವರು, ಭಾರತದ ಮುಖ್ಯಭೂಮಿಯ ತೀರಗಳನ್ನೂ, ಅಂಡಮಾನ್, ಲಕ್ಷದ್ವೀಪಗಳನ್ನೂ ಕಾಲ್ನಡಿಗೆಯಲ್ಲಿ ಸಾವಿರಾರು ಕಿಲೋಮೀಟರ್ ಅಳೆದರು. 1982ರ ಮಳೆಗಾಲವನ್ನು ಲಕ್ಷದ್ವೀಪದ ಸುಹೇಲಿ ಎಂಬ ನಿರ್ಜನ ದ್ವೀಪದಲ್ಲಿ ಏಕಾಕಿಯಾಗಿ ಕಳೆಯುತ್ತ, ಹೆಂಡತಿಗೆ ಬರೆದ ಕಾಗದವನ್ನು ಸೀಸೆಯಲ್ಲಿಟ್ಟು ಕಡಲಿಗೆಸೆದರೆ, ಅದು ಶ್ರೀಲಂಕೆಯ ಮೀನುಗಾರನೊಬ್ಬನ ಕೈಸೇರಿ ಅಂಚೆಯಲ್ಲಿ ಮನೆಗೆ ಬಂದಿತಂತೆ. ಉಪಗ್ರಹವಿಲ್ಲದ ಕಾಲದ ಈ ಪಾದಚಾರಿಯ ಟಿಪ್ಪಣಿಗಳು ಇಂದಿಗೂ ಆಮೆಗಳ ನಕ್ಷೆಗೆ ತಳಹದಿ.

1988ರಲ್ಲಿ ವಿದ್ಯಾರ್ಥಿಗಳು ತಮ್ಮದೇ ಕಡಲಾಮೆ ಸಂರಕ್ಷಣಾ ಜಾಲವನ್ನು ಕಟ್ಟಿದರು. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಪ್ರಯೋಗದ ಹಂತ ದಾಟಿ ನಿತ್ಯದ ಬಳಕೆಗೆಂದೇ ಸಿದ್ಧವಾದ ಭಾರತದ ಮೊದಲ ದೂರಸಂವೇದಿ ಉಪಗ್ರಹ ಐಆರ್‌ಎಸ್–1ಎ ಆಕಾಶಕ್ಕೇರಿದುದು ಕಾಕತಾಳೀಯ. ಮೇಲಿನಿಂದ ಯಂತ್ರ ನೋಡುತ್ತಿದ್ದಾಗ ಕೆಳಗೆ ಹುಡುಗರು ನೀಲಾಂಗರೈಯಿಂದ ಬೆಸೆಂಟ್ ನಗರದವರೆಗೆ ನಡುರಾತ್ರಿಯಲ್ಲಿ ಸುಮಾರು ಏಳು ಕಿಲೋಮೀಟರ್ ನಡೆದು, ಗೂಡಿನ ಜಾಗವನ್ನು ಗುರುತಿಸಿ, ಮೊಟ್ಟೆಗಳನ್ನು ಕಾಪುಗೂಡಿಗೆ ಒಯ್ದು, ಮರಿಗಳನ್ನು ಕಡಲಿಗೆ ಬಿಡುತ್ತ ಬಂದಿದ್ದಾರೆ. 2025ರ ಜನವರಿಯಲ್ಲಿ ಚೆನ್ನೈ ಸುತ್ತಿನ ತೀರಕ್ಕೆ ನೂರಾರು ಸತ್ತ ಆಮೆಗಳು ತೇಲಿಬಂದಾಗ, ಎಲ್ಲಿ, ಯಾವ ದಿನ, ಎಷ್ಟು ಎಂಬ ಲೆಕ್ಕವನ್ನು ಇಟ್ಟವರಲ್ಲಿ ಸ್ವಯಂಸೇವಕರೂ ಇದ್ದರು. ಟ್ರಾಲರ್ ದೋಣಿಗಳು ತೀರದಿಂದ ಐದು ನಾಟಿಕಲ್ ಮೈಲಿಯೊಳಗೆ ಬಲೆಯೆಳೆಯಕೂಡದೆಂಬ ನಿಯಮ ತಮಿಳುನಾಡಿನಲ್ಲಿದೆ. ನಿಯಮ ಮುರಿದ ಸ್ಥಳವೂ ಆಮೆ ಸತ್ತ ಸ್ಥಳವೂ ಒಂದೇ ನಕ್ಷೆಯ ಮೇಲೆ ಬಂದಾಗಲೇ ದುಃಖವು ಸಾಕ್ಷ್ಯವಾಗುವುದು.

2015ರ ಡಿಸೆಂಬರ್ 1ರ ಮಹಾಪೂರವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಅಡ್ಯಾರು ನದಿ ದಡಮೀರಿದ ಆ ದಿನಗಳಲ್ಲಿ, ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯ ಸ್ವಯಂಸೇವಕರು ತೆರೆದಿಟ್ಟ ಪಟದಲ್ಲಿ, ಮುಖ ಪರಿಚಯವಿಲ್ಲದ ಸಾವಿರಾರು ಜನ ತಮ್ಮ ತಮ್ಮ ಮುಳುಗಿದ ಬೀದಿಗಳನ್ನು ಗುರುತು ಹಾಕಿದರು. ಹಾಗೆ ಗುರುತು ಬಿದ್ದ ಬೀದಿಗಳನ್ನು ಹಳೆಯ ನಕ್ಷೆಯ ಮೇಲಿಟ್ಟು ನೋಡಿದವರಿಗೆ, ನೀರು ತನ್ನ ಹಳೆಯ ವಿಳಾಸಗಳನ್ನು ಮರೆತಿಲ್ಲವೆಂಬುದು ಕಾಣುತ್ತದೆ. ಕನ್ನಡಿಗರು ಅನೇಕರು ನೆಲೆಸಿ, ತಮ್ಮ ಸಂಘವನ್ನೂ ಶಾಲೆಯನ್ನೂ ಕಟ್ಟಿಕೊಂಡಿರುವ ತ್ಯಾಗರಾಯನಗರವೇ 1920ರ ದಶಕದಲ್ಲಿ ಉದ್ದಕೆರೆಯೆಂಬ ವಿಸ್ತಾರವಾದ ಏರಿಯನ್ನು ಬತ್ತಿಸಿ ನಿರ್ಮಿಸಿದ ಬಡಾವಣೆ. ಪಕ್ಕದ ಪಶ್ಚಿಮ ಮಾಂಬಲದಲ್ಲಿ ಲೇಕ್ ವ್ಯೂ ರಸ್ತೆಯೆಂಬ ಹೆಸರು ಇಂದಿಗೂ ಇದೆ. ಲೇಕ್ ಇಲ್ಲ, ವ್ಯೂ ಹೇಗಿದ್ದೀತು?

ಇನ್ನು, ಈ ವೃತ್ತಿಯವರು ಒಂದುಗೂಡಿದಾಗಲೆಲ್ಲ ಬಿಸಿಯೇರುವ ಪ್ರಶ್ನೆಯೊಂದಿದೆ: ಯಾವುದನ್ನು ತೋರಿಸಬೇಕು, ಯಾವುದನ್ನು ಮುಚ್ಚಿಡಬೇಕು? 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆಗಳ ಮೇಲಿದ್ದ ಅನುಮತಿಯ ಕಟ್ಟುಗಳನ್ನು ಬಹುಮಟ್ಟಿಗೆ ಸಡಿಲಿಸಿದ ಮೇಲೆ, ಭಾರತೀಯರು ತಮ್ಮ ದೇಶದ ನಕ್ಷೆಯನ್ನು ತಾವು ಬರೆಯಲು ಮೊದಲಿನಷ್ಟು ಅಂಜಬೇಕಾಗಿಲ್ಲ. ಆದರೆ ಅಪರೂಪದ ಹಕ್ಕಿಯ ಗೂಡನ್ನೋ ನಕ್ಷತ್ರ ಆಮೆಯ ನೆಲೆಯನ್ನೋ ಕರಾರುವಾಕ್ಕಾಗಿ ತೋರಿಸಿದ ನಕ್ಷೆ, ರಕ್ಷಕನಿಗೆ ಒದಗಿದಷ್ಟೇ ಸುಲಭವಾಗಿ ಕಳ್ಳಬೇಟೆಗಾರನಿಗೂ ಒದಗುತ್ತದೆ. ಹಕ್ಕಿನೋಟಗಾರರು ದಾಖಲೆ ಸಲ್ಲಿಸುವ ಇ–ಬರ್ಡ್ ವ್ಯವಸ್ಥೆ ಅಪಾಯದಲ್ಲಿರುವ ಕೆಲವು ಜಾತಿಗಳ ನಿಖರಸ್ಥಾನವನ್ನು ಸಾರ್ವಜನಿಕರಿಂದ ಮರೆಮಾಡುವುದು ಇದೇ ಕಾರಣಕ್ಕೆ. ನಕ್ಷೆಯಲ್ಲಿ ಬಾರದ ಜೌಗು ಕಟ್ಟಡವಾಗುತ್ತದೆ, ಬಂದ ಗೂಡು ಬರಿದಾಗುತ್ತದೆ. ಈ ಇಕ್ಕಟ್ಟಿಗೆ ತಂತ್ರಾಂಶದಲ್ಲಿ ಗುಂಡಿಯಿಲ್ಲ. ಅನುಭವಿಗಳು ತಾವು ಮಾಡಿದ ತಪ್ಪುಗಳನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುವ ಸಭೆ ಇರಬೇಕಾದುದು ಇಂಥ ಕಡೆ; ವರದಿಗಳಲ್ಲಿ ಯಾರೂ ತಪ್ಪು ಬರೆಯುವುದಿಲ್ಲ.

ಕನ್ನಡನಾಡಿನ ಒಂದು ನಿದರ್ಶನವನ್ನು ನಾನು ಚೆನ್ನೈನ ಮಿತ್ರರಿಗೆ ಹೆಮ್ಮೆಯಿಂದ ಹೇಳುವುದುಂಟು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಹಿರಿಯರೂ ಏಟ್ರೀ ಸಂಸ್ಥೆಯ ಸಂಶೋಧಕರೂ ಜೊತೆಗೂಡಿ ಜಿಪಿಎಸ್ ಉಪಕರಣ ಹಿಡಿದು ಕಾಡು ಸುತ್ತಿ, ಪ್ರತಿಯೊಂದು ಕುಲದ ಯೆಲ್ಲೆಯನ್ನೂ, ಅದರೊಳಗಿನ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿಗಳ ಠಾವುಗಳನ್ನೂ ಒಂದೊಂದಾಗಿ ಗುರುತಿಸಿದರು. ಅದುವರೆಗಿನ ಸರ್ಕಾರಿ ಪಟದಲ್ಲಿ ಬರಿಯ ಹಸಿರಾಗಿದ್ದ ಕಾಡು ಆಗ ಹೆಸರುಗಳಿಂದ ತುಂಬಿಹೋಯಿತು. 2011ರಲ್ಲಿ ಅದೇ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಸೋಲಿಗರ ಸಮುದಾಯ ಅರಣ್ಯಹಕ್ಕು ಮಾನ್ಯವಾಯಿತು. ಇದನ್ನು ಕೇಳಿದ ಚೆನ್ನೈನ ಮಿತ್ರರೊಬ್ಬರು ತಮ್ಮ ಕಡಲತೀರದ ಮೀನುಗಾರರ ಗಾಳಿಗಳ ಹೆಸರನ್ನು ಎಣಿಸಿದರು: ವಾಡೈ, ಕೊಂಡಲ್, ತೆನ್ರಲ್. ನಮ್ಮ ಬಡಗಾಳಿ, ಮೂಡಗಾಳಿ, ತೆಂಗಾಳಿಗಳನ್ನು ನಾನೂ ಎಣಿಸಿದೆ. ಗಾಳಿಗೂ ಒಂದು ಪದರ ಬೇಕೆಂದು ಇಬ್ಬರೂ ಒಪ್ಪಿದೆವು.

ಜಿಐಎಸ್ ದಿನ ಬರುವುದು ಸಾಮಾನ್ಯವಾಗಿ ನವೆಂಬರ್ ತಿಂಗಳ ಮೂರನೆಯ ಬುಧವಾರ. ಚೆನ್ನೈನಲ್ಲಿ ಅದು ಮಳೆಯ ನಡುಗಾಲ, ನೀರು ತನ್ನ ಹಳೆಯ ಗಡಿಗಳನ್ನು ತಾನೇ ಎಳೆದು ತೋರಿಸುವ ಸಮಯ. ಚೆನ್ನೈಯಾಗಲಿ ಮೈಸೂರಾಗಲಿ, ನೀವಿರುವ ಊರಿನ ಕಾಲೇಜಿನಲ್ಲಿಯೋ ಸಂಸ್ಥೆಯಲ್ಲಿಯೋ ಅಂಥದೊಂದು ಕೂಟ ನಡೆದರೆ, ಕಂಪ್ಯೂಟರ್ ಬಾರದೆಂದು ಹಿಂಜರಿಯದೆ ಹೋಗಿ ಕುಳಿತುಕೊಳ್ಳಿ. ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದು, ಊರಿನ ಕೆರೆಯ ಏರಿ ಎಲ್ಲಿತ್ತು, ತೂಬು ಎಲ್ಲಿತ್ತು, ಕೋಡಿ ಯಾವ ಕಡೆಗೆ ಹರಿಯುತ್ತಿತ್ತು ಎಂಬುದು ಅವರಿಗೆ ಇನ್ನೂ ನೆನಪಿದ್ದರೆ, ದಯವಿಟ್ಟು ಅವರನ್ನೂ ಕರೆದುಕೊಂಡು ಹೋಗಿ.